ಮಾತಿಲ್ಲದ ಪದಗಳು

ದಾಸರ ಪದಗಳನ್ನು ಕೇಳುತ್ತ ಬೆಳೆದವರಿಗೆ ಮಾತಿಲ್ಲದ ಹಾಡು ಎಂಬುದು ಸುಲಭವಾಗಿ ಒಪ್ಪತಕ್ಕ ವಿಷಯವಲ್ಲ. ನಮ್ಮ ರಾಯಚೂರು ಸೀಮೆಯಂತೂ ದಾಸಸಾಹಿತ್ಯದ ತವರು. ಮಾನ್ವಿ ಜಗನ್ನಾಥದಾಸರ ಊರು, ಚೀಕಲಪರವಿ ವಿಜಯದಾಸರದು, ದೇವದುರ್ಗದ ಕಡೆಯ ಮೊಸರಕಲ್ಲು ಗೋಪಾಲದಾಸರದು. ಇಲ್ಲಿ ರಾಗತಾಳಗಳು ಮಾತೆಂಬ ಪಲ್ಲಕ್ಕಿಯನ್ನು ಹೊರುವವರು ಮಾತ್ರ. ಪಲ್ಲಕ್ಕಿಯನ್ನು ಬಿಟ್ಟು ಹೊರುವವರಷ್ಟೇ ಬೀದಿಯಲ್ಲಿ ಹೊರಟರೆ ಅದನ್ನು ಉತ್ಸವವೆನ್ನಬಹುದೆ?

ದೇವದುರ್ಗದ ಕಡೆಯ ಶಿಷ್ಯನೊಬ್ಬನು ಒಂದು ಸಂಜೆ ತನ್ನ ಫೋನನ್ನು ನನ್ನ ಕೈಗಿತ್ತು, "ಸರ, ಮಾತು ಹುಡುಕಬ್ಯಾಡ್ರಿ, ಸುಮ್ಮ ಕೇಳ್ರಿ" ಎಂದಾಗ ನನ್ನನ್ನು ಕಾಡಿದ ಪ್ರಶ್ನೆ ಇದೇ. ಅವನು ಕೇಳಿಸಿದ್ದು ಹಿಪ್-ಹಾಪ್ ಸಂಗೀತ, ಅದೂ ಹಾಡುಗಾರನಿಲ್ಲದ್ದು. ಹಿಪ್-ಹಾಪ್ ಎಂದರೆ ಪ್ರಾಸಬದ್ಧವಾದ ಮಾತಿನ ಸುರಿಮಳೆ ಎಂದೇ ನಾವು ತಿಳಿದಿರುವೆವು. ಆದರೆ 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯಲ್ಲಿ ಅದು ಹುಟ್ಟಿದಾಗ ಮೊದಲು ಬಂದದ್ದು ಲಯ. ಗ್ರಾಮಫೋನ್ ತಟ್ಟೆಗಳಲ್ಲಿನ ಡ್ರಮ್ಮಿನ ಭಾಗವನ್ನಷ್ಟೇ ಮತ್ತೆ ಮತ್ತೆ ನುಡಿಸಿ ಜನರನ್ನು ಕುಣಿಸುತ್ತಿದ್ದರು. ಮಾತು ಆಮೇಲೆ ಬೆಳೆಯಿತು. ಮಾತನ್ನು ಬಿಟ್ಟವರು ಮೂಲಕ್ಕೇ ಮರಳಿದರೆನ್ನಬೇಕು.

ಇಂಥ ಸಂಗೀತವನ್ನು ಕಟ್ಟುವವನಿಗೆ 'ಪ್ರೊಡ್ಯೂಸರ್' ಎಂದು ಹೆಸರು. ಈತ ಹಣ ಹಾಕುವ ನಿರ್ಮಾಪಕನಲ್ಲ. ಹಳೆಯ ತಟ್ಟೆಗಳಿಂದ ಕೆಲವೇ ಕ್ಷಣಗಳ ನಾದವನ್ನು ಕತ್ತರಿಸಿ, ಅದರ ವೇಗವನ್ನೂ ಸ್ಥಾಯಿಯನ್ನೂ ಬದಲಿಸಿ, ಹೊಸ ತಾಳಕ್ಕೆ ಕೂಡಿಸುವವನು. 1996ರಲ್ಲಿ ಡಿಜೆ ಶ್ಯಾಡೋ ಎಂಬವನು 'ಎಂಡ್‌ಟ್ರೊಡ್ಯೂಸಿಂಗ್' ಎಂಬ ಸಂಪುಟವನ್ನು ಈ ರೀತಿಯಲ್ಲಿಯೇ ಕಟ್ಟಿ ಹೆಸರಾದನು. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಡೆಟ್ರಾಯಿಟ್ ನಗರದ ಜೆ ಡಿಲ್ಲಾನ 'ಡೋನಟ್ಸ್'. ಅದು ಪ್ರಕಟವಾದದ್ದು 2006ರ ಫೆಬ್ರವರಿ 7ರಂದು, ಅವನ 32ನೆಯ ಹುಟ್ಟುಹಬ್ಬದ ದಿನ. ಮೂರು ದಿನಗಳ ಬಳಿಕ, ರಕ್ತದ ವಿರಳವಾದ ವ್ಯಾಧಿಯಿಂದ ಬಳಲುತ್ತಿದ್ದ ಅವನು ತೀರಿಕೊಂಡನು.

ಮುಕ್ಕಾಲು ಗಂಟೆಗೆ ಕೊಂಚ ಕಡಿಮೆ ಅವಧಿಯಲ್ಲಿ 31 ತುಣುಕುಗಳು. ಮೊದಲನೆಯದರ ಹೆಸರು 'ಮುಕ್ತಾಯ', ಕೊನೆಯದರದು 'ಆರಂಭ'! ಮಂಗಳದಿಂದ ತೊಡಗಿ ನಾಂದಿಯಲ್ಲಿ ಮುಗಿಯುವ ಈ ಕೃತಿ, ನಮ್ಮ ಉದ್ದಿನ ವಡೆಯಂತಿರುವ ಆ ತಿಂಡಿಯ ಹಾಗೆಯೇ ದುಂಡಗಿದೆ. ಕೊನೆ ಮೊದಲಿಗೆ ಬಂದು ಕೂಡುತ್ತದೆ.

ಇದು ಪರರ ಸೊತ್ತಿನ ಕಳವಲ್ಲವೆ ಎಂದು ಕೇಳಬಹುದು. ಅಮೆರಿಕೆಯ ನ್ಯಾಯಾಲಯವೂ 1991ರಲ್ಲಿ ಒಂದು ಮೊಕದ್ದಮೆಯಲ್ಲಿ ಹಾಗೆಯೇ ಹೇಳಿತು. ಹಕ್ಕಿನ ಪ್ರಶ್ನೆ ಚಿಕ್ಕದಲ್ಲ. ಆದರೆ ಕಲೆಯ ಪ್ರಶ್ನೆಗೆ 'ಡೋಂಟ್ ಕ್ರೈ' ಎಂಬ ತುಣುಕಿನಲ್ಲಿ ಡಿಲ್ಲಾ ತಾನೇ ಉತ್ತರವಿತ್ತಿದ್ದಾನೆ. ಮೊದಲು ಹಳೆಯ ಹಾಡನ್ನು ಇದ್ದಂತೆಯೇ ಕೇಳಿಸುತ್ತಾನೆ. ಬಳಿಕ ನಮ್ಮೆದುರಿಗೇ ಅದನ್ನು ಚೂರುಚೂರಾಗಿಸಿ, ಆ ಚೂರುಗಳಿಂದ ಬೇರೊಂದನ್ನು ಕಟ್ಟುತ್ತಾನೆ. ಕದ್ದವನು ಹೀಗೆ ಮಾಲನ್ನು ಎದುರಿಗಿಟ್ಟು ತೋರಿಸುತ್ತಾನೆಯೆ?

ಲಯದಲ್ಲಿಯೂ ಇವನದು ಬೇರೆ ದಾರಿ. ಯಂತ್ರದ ಕರಾರುವಾಕ್ಕಾದ ಎಣಿಕೆಗೆ ಒಗ್ಗದೆ ಅವನ ಪೆಟ್ಟುಗಳು ಕೂದಲೆಳೆಯಷ್ಟು ಹಿಂದುಮುಂದಾಗಿ ಬೀಳುತ್ತವೆ. ಭಾಮಿನಿಯ ಮೂರು-ನಾಲ್ಕು ಮಾತ್ರೆಗಳ ಲೆಕ್ಕ ಗಮಕಿಗೂ ಗೊತ್ತು. ಆದರೂ ಅವನು ಒಂದೆಡೆ ಎಳೆದು, ಇನ್ನೊಂದೆಡೆ ಒತ್ತರಿಸಿ ಹಾಡಿದಾಗಲೇ ಷಟ್ಪದಿಗೆ ಜೀವ ಬರುವುದು. ದಾಸರಿಗೆ ಅಂಕಿತವಿದ್ದಂತೆ ಡಿಲ್ಲಾನಿಗೂ ಒಂದು ಮುದ್ರೆಯಿದೆ: ನಡುನಡುವೆ ಕೂಗುವ ಒಂದು ಸೈರನ್.

ಧ್ವನಿಯೆಂದರೆ ನಮ್ಮಲ್ಲಿ ಸದ್ದೂ ಹೌದು, ಸೂಚ್ಯಾರ್ಥವೂ ಹೌದು. ಆನಂದವರ್ಧನನು ಕಾವ್ಯದ ಆತ್ಮವೆಂದುದು ಎರಡನೆಯದನ್ನು. ಈ ತುಣುಕುಗಳಲ್ಲಿ ಯಾರದೋ ಕಂಠ ಕೇಳುತ್ತದೆ. ಮಾತು ಪೂರ್ತಿಯಾಗುವ ಮೊದಲೇ ಕತ್ತರಿ ಬೀಳುತ್ತದೆ. ಉಳಿದ ಅರ್ಧ ಅಕ್ಷರದಲ್ಲಿ ಹೇಳದುದೆಲ್ಲ ಧ್ವನಿತವಾಗುತ್ತದೆ. ಸಾವಿನ ನೆರಳಿನ ಕಥೆಯನ್ನು ತಿಳಿಯದವನಿಗೂ ಇಲ್ಲಿ ಕರುಣರಸ ತಟ್ಟದಿರದು.

ಈ ಬಗೆಯದೆಲ್ಲವೂ ಈ ಮಟ್ಟದ್ದೆಂದು ನಾನು ಹೇಳಲಾರೆ. ಮ್ಯಾಡ್‌ಲಿಬ್ ಎಂಬವನು 2007ರಲ್ಲಿ ನಮ್ಮ ಹಳೆಯ ಹಿಂದಿ ಚಿತ್ರಸಂಗೀತದಿಂದ ಒಂದು ಸಂಪುಟವನ್ನು ಕಟ್ಟಿದನು. ಅವನಿಗೆ ಹೊಸತಾದದ್ದು ನಮಗೆ ನೆನಪು. ಆದ್ದರಿಂದ ಹಲವೆಡೆ ಕುತೂಹಲ ತಣಿಯುತ್ತದೆಯೇ ಹೊರತು ಮನಸ್ಸು ಕಲಕುವುದಿಲ್ಲ. ಇನ್ನು, ವಿದ್ಯಾರ್ಥಿಗಳು ಓದುವಾಗ ಹಾಕಿಕೊಳ್ಳುವ ಈಚಿನ ಎಷ್ಟೋ ತುಣುಕುಗಳು ಫ್ಯಾನಿನ ಸದ್ದಿಗಿಂತ ಹೆಚ್ಚೇನನ್ನೂ ಬೇಡುವುದಿಲ್ಲ, ಕೊಡುವುದೂ ಇಲ್ಲ.

ಮಾತನ್ನೇ ನಂಬಿ ಬದುಕುವ ಮೇಷ್ಟರು ನಾವು. ಪದ್ಯ ಕಂಡೊಡನೆ ಅರ್ಥಕ್ಕೆ ಕೈ ಹಾಕುವುದು ನಮ್ಮ ಚಾಳಿ. ಮರುದಿನ ತರಗತಿಯಲ್ಲಿ 'ಹರಿಕಥಾಮೃತಸಾರ'ದ ಒಂದು ಷಟ್ಪದಿಯನ್ನು, ಅರ್ಥವನ್ನು ಹೇಳದೆ, ಎರಡು ಸಲ ಗಟ್ಟಿಯಾಗಿ ಓದಿದೆ. ಹಿಂದಿನ ಬೆಂಚಿನಲ್ಲಿ ಯಾರದೋ ಬೆರಳು ಮೆಲ್ಲಗೆ ತಾಳ ಹಾಕುತ್ತಿತ್ತು. ಅರ್ಥವನ್ನು ಆಮೇಲೆ ಹೇಳಿದೆ.