ಅವಸರದ ಇಂಡಿಕೇಟರಿಗೆ ನಾಲ್ಕು ಮದ್ದು

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿಗಳ ಮುಂದೆ ಒಂದರ್ಧ ಗಂಟೆ ನಿಂತರೆ ಸಾಕು, ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. "ಅಣ್ಣಾ, ಎಲ್‌ಇಡಿ ಬಲ್ಬ್ ಹಾಕಿಸ್ದೆ. ಈಗ ಇಂಡಿಕೇಟರ್ ಸಿಕ್ಕಾಪಟ್ಟೆ ಫಾಸ್ಟ್ ಹೊಡೀತಿದೆ." ಅಂಗಡಿಯವನು ತಲೆ ಎತ್ತುವುದೂ ಇಲ್ಲ. "ರೆಸಿಸ್ಟರ್ ಹಾಕ್ಸಿ ಸಾರ್, ಸರಿಹೋಗುತ್ತೆ" ಎಂದು ಚಿನ್ನದ ಬಣ್ಣದ ತುಂಡೊಂದನ್ನು ಕೌಂಟರಿನ ಮೇಲಿಡುತ್ತಾನೆ. ರೋಗ ಹೇಳಿ ಮುಗಿಸುವ ಮೊದಲೇ ಮದ್ದು ಸಿದ್ಧ. ನನ್ನ ಕಾರಿಗೂ ಬೈಕಿಗೂ ಎಲ್‌ಇಡಿ ಹಾಕಿಸಿಕೊಂಡು, ಆ ಮದ್ದನ್ನೂ ಇನ್ನಷ್ಟು ಮದ್ದುಗಳನ್ನೂ ಕುಡಿಸಿ ನೋಡಿದ ಮೇಲೆ, ಈ ರಿಪೇರಿ ಎಂಬುದರ ಬಗ್ಗೆಯೇ ನಾಲ್ಕು ಮಾತು ಬರೆಯಬೇಕೆನಿಸಿತು.

ಮೊದಲು ಒಂದು ವಿಷಯ ಇತ್ಯರ್ಥವಾಗಬೇಕು. ವೇಗವಾಗಿ ಹೊಡೆಯುವ ಇಂಡಿಕೇಟರ್ ಕೆಟ್ಟ ಇಂಡಿಕೇಟರ್ ಅಲ್ಲ. ಅದು ತನಗೆ ಕಲಿಸಿದ ಕೆಲಸವನ್ನೇ ಮಾಡುತ್ತಿದೆ. ಕಾರಿನ ಒಂದು ಬದಿಯಲ್ಲಿ ಮುಂದೊಂದು, ಹಿಂದೊಂದು 21 ವಾಟಿನ ಬಲ್ಬ್, ಪಕ್ಕದಲ್ಲಿ 5 ವಾಟಿನ ಪುಟ್ಟ ಬಲ್ಬ್, ಒಟ್ಟು 47 ವಾಟ್. ಫ್ಲ್ಯಾಷರ್ ರಿಲೇ ಇಷ್ಟನ್ನು ಉರಿಸಲು ಹರಿಯುವ ಕರೆಂಟನ್ನು ಅಳೆಯುತ್ತಲೇ ಇರುತ್ತದೆ. ಒಂದು ದೊಡ್ಡ ಬಲ್ಬ್ ಸುಟ್ಟುಹೋದರೆ ಕರೆಂಟು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕೂಡಲೇ ರಿಲೇ ತನ್ನ ವೇಗವನ್ನು ದುಪ್ಪಟ್ಟು ಮಾಡುತ್ತದೆ. ಸ್ಟಿಯರಿಂಗ್ ಹಿಂದೆ ಕುಳಿತವನಿಗೆ ಹಿಂದಿನ ಬಲ್ಬ್ ಕಾಣುವುದಿಲ್ಲ, ಆದರೆ ಟಿಕ್ ಟಿಕ್ ಕೇಳುತ್ತದೆ. ಆ ಸದ್ದು ಅವಸರಕ್ಕೆ ಬಿತ್ತೆಂದರೆ ಎಲ್ಲೋ ಒಂದು ಬಲ್ಬ್ ಹೋಯಿತೆಂದು ಅರ್ಥ. ಬೇರೊಂದು ದೀಪವನ್ನಾಗಲಿ ವೈರನ್ನಾಗಲಿ ಸೇರಿಸದೆ ಚಾಲಕನಿಗೆ ಸುದ್ದಿ ಮುಟ್ಟಿಸುವ ಜಾಣ ಏರ್ಪಾಡು ಇದು.

ಈಗ 21 ವಾಟಿನ ಜಾಗದಲ್ಲಿ 3 ವಾಟಿನ ಎಲ್‌ಇಡಿ ಕೂರಿಸಿದರೆ ರಿಲೇಗೆ ಏನು ಗೊತ್ತಾಗಬೇಕು? ಎಲ್ಲ ಬಲ್ಬೂ ಹೋಗಿವೆ ಎಂದೇ ಅದು ತಿಳಿಯುತ್ತದೆ. ಬೈಮೆಟಲ್ ಪಟ್ಟಿ ಬಿಸಿಯಾಗಿ ಬಾಗಿ ಸಂಪರ್ಕ ತಪ್ಪಿಸುವ ಹಳೆಯ ಕಾಲದ ಫ್ಲ್ಯಾಷರ್ ಆಗಿದ್ದರೆ ಕಥೆಯೇ ಬೇರೆ. ಪಟ್ಟಿಯನ್ನು ಕಾಯಿಸುವಷ್ಟು ಕರೆಂಟೇ ಹರಿಯುವುದಿಲ್ಲವಾದ್ದರಿಂದ ಅದು ಮಿನುಗುವುದನ್ನೇ ಬಿಡುತ್ತದೆ. ಎರಡರಲ್ಲೂ ತಪ್ಪು ರಿಲೇಯದಲ್ಲ, ಅದರ ಲೆಕ್ಕ ತಪ್ಪಿಸಿದ ನಮ್ಮದು.

ಹಾಗೆಂದು ಅವಸರವನ್ನು ಅದರ ಪಾಡಿಗೆ ಬಿಡುವಂತೆಯೂ ಇಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 102ನೇ ನಿಯಮದ ಪ್ರಕಾರ ಇಂಡಿಕೇಟರ್ ಕಿತ್ತಳೆ ಛಾಯೆಯ ಹಳದಿ ಬಣ್ಣದ್ದಾಗಿರಬೇಕು, ನಿಮಿಷಕ್ಕೆ 60ಕ್ಕಿಂತ ಕಡಿಮೆಯೂ 120ಕ್ಕಿಂತ ಹೆಚ್ಚೂ ಮಿನುಗಬಾರದು. ಎಲ್‌ಇಡಿ ಹಾಕಿದ ಗಾಡಿಗಳು ಈ ಗೆರೆಯನ್ನು ಸಲೀಸಾಗಿ ದಾಟುತ್ತವೆ. ಆದ್ದರಿಂದ ಮದ್ದು ಬೇಕೇ ಬೇಕು. ಯಾವ ಮದ್ದು, ಅದು ಏನನ್ನು ಕೊಟ್ಟು ಏನನ್ನು ಕಸಿಯುತ್ತದೆ ಎಂಬುದೇ ಪ್ರಶ್ನೆ.

ಮೊದಲನೆಯದು ಆ ಚಿನ್ನದ ಬಣ್ಣದ ತುಂಡು. 6 ಓಮ್, 50 ವಾಟ್ ಎಂದು ಅದರ ಮೈಮೇಲೆ ಬರೆದಿರುತ್ತದೆ. ಬಲ್ಬಿನ ಎರಡು ವೈರುಗಳಿಗೆ ಅಡ್ಡಲಾಗಿ ಇದನ್ನು ಜೋಡಿಸಿದರೆ ಹಳೆಯ ಬಲ್ಬ್ ಎಳೆಯುತ್ತಿದ್ದಷ್ಟು, ಅದಕ್ಕಿಂತ ತುಸು ಹೆಚ್ಚೇ, ಕರೆಂಟನ್ನು ಇದು ಎಳೆಯುತ್ತದೆ. ರಿಲೇ ಮೋಸಹೋಗಿ ಸಮಾಧಾನದಿಂದ ಹೊಡೆಯುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಎಂಜಿನ್ ಓಡುವಾಗ 13.8 ವೋಲ್ಟ್ ಇದ್ದರೆ ಈ ತುಂಡಿನಲ್ಲಿ 2.3 ಆಂಪಿಯರ್ ಹರಿದು ಸುಮಾರು 32 ವಾಟ್ ಶಾಖವಾಗುತ್ತದೆ. 3 ವಾಟಿನ ದೀಪಕ್ಕೆ 32 ವಾಟಿನ ಒಲೆ! ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ. ನಾಲ್ಕು ಮೂಲೆಗೂ ಒಂದೊಂದು ಹಾಕಿಸಿ, ಗಾಡಿ ಕೆಟ್ಟು ಹೆದ್ದಾರಿಯ ಬದಿಯಲ್ಲಿ ಹಜಾರ್ಡ್ ಒತ್ತಿ ನಿಂತಿರೆಂದುಕೊಳ್ಳಿ. ಅರ್ಧ ಹೊತ್ತು ಮಾತ್ರ ಉರಿದರೂ ಸರಾಸರಿ 60 ವಾಟ್ ಮೀರುತ್ತದೆ. ಹೆಡ್‌ಲೈಟ್ ಬಲ್ಬೊಂದರ ಶಕ್ತಿಯನ್ನು ಬೆಳಕೇ ಇಲ್ಲದೆ ಬಂಪರಿನ ಒಳಗೆ ಸುಟ್ಟಂತಾಯಿತು.

ಮೈಮೇಲಿನ 50 ವಾಟ್ ಎಂಬ ಅಂಕಿಯನ್ನೂ ಪೂರ್ತಿ ನಂಬುವಂತಿಲ್ಲ. ಆ ತುಂಡನ್ನು ಲೋಹದ ತಗಡಿಗೆ ಸ್ಕ್ರೂ ಹಾಕಿ ಬಿಗಿದು, ಶಾಖ ತಗಡಿಗೆ ಹರಿದುಹೋಗುವಂತಿದ್ದರೆ ಮಾತ್ರ ಅದು ನಿಜ. ನನ್ನ ಕಾರಿಗೆ ಹಾಕಿದ ಹುಡುಗ ಅದನ್ನು ವೈರಿಂಗಿನ ಜೊತೆ ಸೇರಿಸಿ ಕಪ್ಪು ಟೇಪ್ ಸುತ್ತಿ, ಲೈಟಿನ ಹಿಂದಕ್ಕೆ ತುರುಕಿ ಕೈತೊಳೆದುಕೊಂಡಿದ್ದ. ಮೂರು ತಿಂಗಳಿಗೆ ಡಿಕ್ಕಿಯಲ್ಲಿ ಸುಟ್ಟ ವಾಸನೆ. ಬಿಚ್ಚಿ ನೋಡಿದರೆ ಟೇಪ್ ಕರಗಿ ಅಂಟಾಗಿತ್ತು, ಪಕ್ಕದ ಎರಡು ವೈರುಗಳ ಮೇಲುಹೊದಿಕೆ ಬಾಡಿತ್ತು. ಆ ಅಂಗಡಿಯ ಹೆಸರು ಇಲ್ಲಿ ಬೇಡ. ಒಬ್ಬನ ಅಜಾಗರೂಕತೆ ಎನ್ನಲಾರೆ, ಈ ಕೆಲಸ ಸಾಮಾನ್ಯವಾಗಿ ನಡೆಯುವುದೇ ಹಾಗೆ.

ಎರಡನೆಯ ಮದ್ದು ರಿಲೇಯನ್ನೇ ಬದಲಿಸುವುದು. 'ಎಲ್‌ಇಡಿ ಫ್ಲ್ಯಾಷರ್' ಎಂದು ಕೇಳಿದರೆ ಕೊಡುತ್ತಾರೆ. ಇದು ಕರೆಂಟಿನ ಗೊಡವೆಗೇ ಹೋಗದೆ ತನ್ನೊಳಗಿನ ಗಡಿಯಾರದ ಲೆಕ್ಕಕ್ಕೆ ಮಿನುಗುತ್ತದೆ. ಬೈಕುಗಳಿಗೂ, ಫ್ಲ್ಯಾಷರ್ ಬೇರೆಯಾಗಿಯೇ ಇರುವ ಹಳೆಯ ಕಾರುಗಳಿಗೂ ಇದಕ್ಕಿಂತ ಚೊಕ್ಕ ಪರಿಹಾರ ಇನ್ನೊಂದಿಲ್ಲ. ವೈರ್ ಕತ್ತರಿಸಬೇಕಿಲ್ಲ, ಒಲೆ ಹೂಡಬೇಕಿಲ್ಲ, ಹಳೆಯದನ್ನು ಕಿತ್ತು ಹೊಸದನ್ನು ಒತ್ತಿದರೆ ಮುಗಿಯಿತು. ಆದರೂ ಎರಡು ಎಚ್ಚರ ಬೇಕು. ಮೂರು ಪಿನ್ನಿನ ರಿಲೇಗಳಲ್ಲಿ ಬ್ಯಾಟರಿ, ಲೋಡ್, ಅರ್ಥ್ ಇವುಗಳ ಕ್ರಮ ಎಲ್ಲ ಗಾಡಿಗೂ ಒಂದೇ ಅಲ್ಲ. ಪಿನ್ ಕೂತಿತೆಂದು ಖುಷಿಪಡುವ ಮೊದಲು ಮೈಮೇಲಿನ ಅಕ್ಷರ ಓದಿ ಹಳೆಯದರ ಜೊತೆ ತಾಳೆ ನೋಡಬೇಕು. ಎರಡನೆಯದು, ಕೆಲವು ರಿಲೇಗಳಲ್ಲಿ ವೇಗ ಹೊಂದಿಸುವ ಪುಟ್ಟ ತಿರುಪು ಇರುತ್ತದೆ. ಹುಡುಗರು ಅದನ್ನು ತಿರುಗಿಸಿ ಡಿಸ್ಕೋ ಮಾಡಿಬಿಡುತ್ತಾರೆ. ಕಾಯಿಲೆ ವಾಸಿಮಾಡಲು ತಂದ ಮದ್ದಿನಿಂದಲೇ ಅದೇ ಕಾಯಿಲೆ!

ಬೈಕಿನವರಿಗೆ ಇಲ್ಲಿ ಇನ್ನೊಂದು ಚೇಷ್ಟೆ ಕಾದಿರುತ್ತದೆ. ರಿಲೇ ಬದಲಿಸಿ ಎಡಕ್ಕೆ ಒತ್ತಿದರೆ ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗುತ್ತವೆ. ಮೆಕ್ಯಾನಿಕ್ ರಿಲೇಯನ್ನು ಬೈದು ಇನ್ನೊಂದು ತರಿಸುತ್ತಾನೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ನಿಜವಾದ ಕಾರಣ ಮೀಟರಿನಲ್ಲಿದೆ. ಎಡ ಬಲ ಎರಡಕ್ಕೂ ಒಂದೇ ಸೂಚಕ ದೀಪ ಇರುವ ಬೈಕುಗಳಲ್ಲಿ ಆ ಪುಟ್ಟ ಬಲ್ಬಿನ ಒಂದು ಕಾಲು ಎಡದ ವೈರಿಗೆ, ಇನ್ನೊಂದು ಕಾಲು ಬಲದ ವೈರಿಗೆ. ಎಡಕ್ಕೆ ಒತ್ತಿದಾಗ ಅದರ ಮೂಲಕ ಹಾಯುವ ಸಣ್ಣ ಕರೆಂಟು ಬಲಬದಿಯ ಬಲ್ಬುಗಳ ಮೂಲಕ ಅರ್ಥ್ ಸೇರುತ್ತದೆ. 10 ವಾಟಿನ ತಂತಿಯ ಬಲ್ಬಿಗೆ ಅಷ್ಟು ಕರೆಂಟು ಲೆಕ್ಕಕ್ಕೇ ಇಲ್ಲ, ಅದು ಹೊತ್ತುವುದಿಲ್ಲ. ಎಲ್‌ಇಡಿಗೆ ಅಷ್ಟೇ ಮೃಷ್ಟಾನ್ನ. ಸೂಚಕದ ಒಂದು ಕಾಲನ್ನು ಅರ್ಥಿಗೆ ಕೊಟ್ಟು, ಇನ್ನೊಂದಕ್ಕೆ ಎಡದಿಂದ ಒಂದು ಬಲದಿಂದ ಒಂದು ಡಯೋಡ್ ಹಾಕಿ ಸೇರಿಸಿದರೆ ಕರೆಂಟು ಹಿಂದಿರುಗುವ ದಾರಿ ಮುಚ್ಚುತ್ತದೆ. 1ಎನ್4007 ಎಂಬ ಡಯೋಡ್ ಒಂದೆರಡು ರೂಪಾಯಿಯ ಮಾಲು. ಈ ಇಡೀ ಸಂತೆಯಲ್ಲಿ ಬುದ್ಧಿ ಹೆಚ್ಚು, ಖರ್ಚು ಕಡಿಮೆ ಇರುವ ರಿಪೇರಿ ಇದೊಂದೇ.

ಮೂರನೆಯದು ಹೊಸ ಕಾರುಗಳ ಪಾಡು. ಅವುಗಳಲ್ಲಿ ಕಿತ್ತು ಹಾಕಲು ಫ್ಲ್ಯಾಷರ್ ಎಂಬುದೇ ಇಲ್ಲ. ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಪೆಟ್ಟಿಗೆಯೇ ಎಲ್ಲವನ್ನೂ ನೋಡಿಕೊಳ್ಳುತ್ತದೆ, ಟಿಕ್ ಟಿಕ್ ಕೂಡ ಎಷ್ಟೋ ಕಾರುಗಳಲ್ಲಿ ಸ್ಪೀಕರಿನಿಂದ ಬರುವ ಸದ್ದು. ಇಂಥವಕ್ಕೆಂದು 'ಕ್ಯಾನ್‌ಬಸ್' ಬಲ್ಬ್ ಮಾರುತ್ತಾರೆ. ಹೆಸರು ದೊಡ್ಡದು, ಒಳಗಿರುವುದು ಬಹುಮಟ್ಟಿಗೆ ಅದೇ ರೆಸಿಸ್ಟರ್. ಮೊದಲು ಬಲ್ಬಿನ ಪಕ್ಕದಲ್ಲಿದ್ದ ಒಲೆಯನ್ನು ಈಗ ಬಲ್ಬಿನ ಹೊಟ್ಟೆಯೊಳಗೇ ಇಟ್ಟಿದ್ದಾರೆ. ಎಲ್‌ಇಡಿಯ ಬಾಳಿಕೆಗೆ ಶಾಖವೇ ಶತ್ರುವಾಗಿರುವಾಗ ಇದೆಂಥ ಮದುವೆ? ಇನ್ನು ಲ್ಯಾಪ್‌ಟಾಪ್ ಜೋಡಿಸಿ ಆ ಪೆಟ್ಟಿಗೆಗೆ 'ಇಲ್ಲಿ ಎಲ್‌ಇಡಿ ಇದೆ' ಎಂದು ಬರೆದು ತಿಳಿಸುವ ಕೋಡಿಂಗ್ ದಾರಿ. ಫೋಕ್ಸ್‌ವ್ಯಾಗನ್, ಸ್ಕೋಡಾ ಇಟ್ಟುಕೊಂಡವರಲ್ಲಿ ಈ ಹವ್ಯಾಸ ಹೆಚ್ಚು. ಸುಳ್ಳಿನ ಕರೆಂಟು ಹರಿಸದೆ ನಿಜ ಹೇಳುವ ಕ್ರಮವಾದ್ದರಿಂದ ತತ್ವದಲ್ಲಿ ಇದು ಶುದ್ಧ. ಆದರೆ ಎಲ್ಲ ಕಾರಿಗೂ ಆಗದು, ಎಲ್ಲ ಕೈಗೂ ಒಗ್ಗದು, ವಾರಂಟಿ ಇರುವಾಗ ಮುಟ್ಟುವುದು ಜಾಣತನವೂ ಅಲ್ಲ.

ಈ ಮೂರಕ್ಕೂ ಒಂದು ಸಮಾನ ದೋಷವಿದೆ, ಅಂಗಡಿಯಲ್ಲಿ ಯಾರೂ ಹೇಳದ ದೋಷ. ನಾಳೆ ಆ ಎಲ್‌ಇಡಿಯೇ ಸತ್ತರೆ? ಹೊರಗೆ ಕಟ್ಟಿದ ರೆಸಿಸ್ಟರ್ ತನ್ನ ಪಾಡಿಗೆ ಕರೆಂಟು ಎಳೆಯುತ್ತಲೇ ಇರುತ್ತದೆ. ಎಲ್‌ಇಡಿ ಫ್ಲ್ಯಾಷರ್ ಗಡಿಯಾರ ನೋಡಿಕೊಂಡು ಹೊಡೆಯುತ್ತಲೇ ಇರುತ್ತದೆ. ಕೋಡಿಂಗಿನಲ್ಲಿ ತಪಾಸಣೆಯನ್ನೇ ಆರಿಸಿದ್ದರೆ ಪೆಟ್ಟಿಗೆಯೂ ಸುಮ್ಮನಿರುತ್ತದೆ. ಒಳಗೆ ಟಿಕ್ ಟಿಕ್ ಸರಿಯಾಗಿದೆ, ಹಿಂದೆ ಕತ್ತಲು. ಬಲಕ್ಕೆ ತಿರುಗುವೆನೆಂದು ನೀವು ಹೇಳಿದ್ದೀರಿ ಎಂದುಕೊಂಡಿದ್ದೀರಿ, ಹಿಂದಿನ ಲಾರಿಯವನಿಗೆ ಏನೂ ಕಂಡಿಲ್ಲ. ನಾವು ರಿಪೇರಿ ಎಂದು ಕರೆಯುತ್ತಿರುವುದು ಎಚ್ಚರಿಸುವವನ ಬಾಯಿ ಮುಚ್ಚಿಸುವ ಕೆಲಸವನ್ನು.

ಇಷ್ಟಕ್ಕೂ ಪಡೆದದ್ದೇನು? ಉಳಿತಾಯ ಎನ್ನುತ್ತಾರೆ. ಒಂದು ಪ್ರಯಾಣದಲ್ಲಿ ಒಟ್ಟು ಐದು ನಿಮಿಷ ಇಂಡಿಕೇಟರ್ ಹಾಕಿದರೆ ಹಳೆಯ ಬಲ್ಬುಗಳು ಉರಿಸುವುದು ಸುಮಾರು 2 ವಾಟ್-ಅವರ್, ಮೊಬೈಲ್ ಚಾರ್ಜಿನ ಹತ್ತನೇ ಒಂದು ಪಾಲಿನಷ್ಟು. ಬೆಳಕು ಎನ್ನುತ್ತಾರೆ. ಲೈಟಿನ ಒಳಗಿನ ಪ್ರತಿಫಲಕವನ್ನು ರೂಪಿಸಿರುವುದು ನಡುವೆ ಉರಿಯುವ ಸಣ್ಣ ತಂತಿಯೊಂದರ ಲೆಕ್ಕಕ್ಕೆ. ಮೈತುಂಬ ಚಿಪ್ ಅಂಟಿಸಿಕೊಂಡ ಎಲ್‌ಇಡಿ ಅಲ್ಲಿ ಕೂತರೆ ಬೆಳಕು ಎಲ್ಲೆಲ್ಲೋ ಚೆಲ್ಲುತ್ತದೆ. ನೇರ ನಿಂತು ನೋಡಿದರೆ ಕಣ್ಣು ಕುಕ್ಕುತ್ತದೆ, ಓರೆಯಲ್ಲಿ ಬರುವ ಸ್ಕೂಟರಿನವನಿಗೆ ಮಂಕು. ಅದರ ಮೇಲೆ ಬಿಳಿ ಎಲ್‌ಇಡಿ ಹಾಕಿದರೆ ಬಣ್ಣವೂ ಪೇಲವ. ಥಟ್ಟನೆ ಹೊತ್ತಿಕೊಳ್ಳುವುದು ಎಲ್‌ಇಡಿಯ ನಿಜವಾದ ಗುಣ, ಒಪ್ಪುತ್ತೇನೆ. ಅದು ಬ್ರೇಕ್ ಲೈಟಿಗೆ ಬೆಲೆಬಾಳುತ್ತದೆ. ಪದೇ ಪದೇ ಮಿನುಗುವ ಇಂಡಿಕೇಟರಿಗೆ ಅದರಿಂದ ಬರುವ ಲಾಭ ಕಡಿಮೆ. ಅದುರಾಟಕ್ಕೆ ತಂತಿ ತುಂಡಾಗಿ ಬಲ್ಬ್ ಪದೇ ಪದೇ ಹೋಗುವ ಬೈಕುಗಳಲ್ಲಿ ಮಾತ್ರ ಎಲ್‌ಇಡಿಯ ಬಾಳಿಕೆ ನಿಜವಾದ ಲಾಭ.

ಆದ್ದರಿಂದ ನನ್ನ ತೀರ್ಪು ಹೀಗೆ. ರೆಸಿಸ್ಟರ್ ಕೊನೆಯ ದಾರಿ, ಹಾಕಲೇಬೇಕಿದ್ದರೆ ಲೋಹಕ್ಕೆ ಬಿಗಿದು, ಪ್ಲಾಸ್ಟಿಕ್ಕಿನಿಂದಲೂ ವೈರಿನಿಂದಲೂ ದೂರ ಇಡಬೇಕು. ಬೈಕಿಗೆ ಎಲ್‌ಇಡಿ ಫ್ಲ್ಯಾಷರ್, ಬೇಕಿದ್ದಲ್ಲಿ ಎರಡು ಡಯೋಡ್. ಹೊಸ ಕಾರಿಗೆ ಕಂಪನಿಯೇ ಎಲ್‌ಇಡಿ ಕೊಟ್ಟಿದ್ದರೆ ಸರಿ, ಇಲ್ಲವಾದರೆ ಬಂದದ್ದನ್ನು ಬಂದಂತೆ ಬಿಡಿ. ನಾಲ್ಕನೆಯ ಮದ್ದು ಅದೇ, ಹಳೆಯ ಬಲ್ಬಿಗೆ ಮರಳುವುದು. ಅದನ್ನು ಯಾವ ಅಂಗಡಿಯವನೂ ಶಿಫಾರಸು ಮಾಡುವುದಿಲ್ಲ.

ಈಗಾಗಲೇ ಎಲ್‌ಇಡಿ ಹಾಕಿಸಿಕೊಂಡವರಿಗೆ ಒಂದು ಮಾತು. ರಿಲೇ ಮಾಡುತ್ತಿದ್ದ ಕಾವಲು ಇನ್ನು ನಿಮ್ಮ ಪಾಲಿನದು. ವಾರಕ್ಕೊಮ್ಮೆ ಹಜಾರ್ಡ್ ಒತ್ತಿ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ. 15 ಸೆಕೆಂಡ್ ಎಣಿಸಿ, ಮಿನುಗು 15ರಿಂದ 30ರ ಒಳಗಿದ್ದರೆ ಕಾನೂನಿನ ಒಳಗಿದ್ದೀರಿ. ನನ್ನ ಬೈಕ್ ಫ್ಲ್ಯಾಷರ್ ಮತ್ತು ಡಯೋಡಿನ ಜೊತೆ ಸುಖವಾಗಿದೆ. ಕಾರಿಗೆ ಮಾತ್ರ 21 ವಾಟಿನ ಹಳೆಯ ಬಲ್ಬುಗಳನ್ನೇ ವಾಪಸ್ ಹಾಕಿಸಿದೆ.