ನಾಯಿ ಬೊಗಳಿದರೆ ಸಾಲದು

ಸಿ ಪ್ಲಸ್ ಪ್ಲಸ್ ಪಾಠದಲ್ಲಿ ವರ್ಚುವಲ್ ಫಂಕ್ಷನ್ ಎಂದೊಡನೆ ‘ಪ್ರಾಣಿ’ ಎಂಬ ಬೇಸ್ ಕ್ಲಾಸ್ ಹಾಜರಾಗುತ್ತದೆ, ಅದರ ಬೆನ್ನಿಗೆ ನಾಯಿ, ಬೆಕ್ಕು. ಒಂದೇ ಕರೆಗೆ ನಾಯಿ ಬೊಗಳಿತು, ಬೆಕ್ಕು ಮ್ಯಾವ್ ಎಂದಿತು, ಪಾಠ ಮುಗಿಯಿತು. ಉದಾಹರಣೆ ತಪ್ಪೇನಲ್ಲ. ಬೇಸ್ ಕ್ಲಾಸಿನ ಪಾಯಿಂಟರ್ ಹಿಡಿದು ಕರೆದರೂ ಆಬ್ಜೆಕ್ಟ್ ನಿಜಕ್ಕೂ ಯಾವ ಕ್ಲಾಸಿನದೋ ಅದರ ಫಂಕ್ಷನ್ನೇ ನಡೆಯುತ್ತದೆ ಎಂಬುದು ಗೊತ್ತಾಗುತ್ತದೆ. ಸಾಮಾನ್ಯವಾಗಿ ಕಂಪೈಲರ್ ಇಂಥ ಪ್ರತಿ ಕ್ಲಾಸಿಗೂ ಫಂಕ್ಷನ್ನುಗಳ ವಿಳಾಸದ ಪಟ್ಟಿಯೊಂದನ್ನು ಮಾಡಿ, ಆಬ್ಜೆಕ್ಟಿನೊಳಗೆ ಆ ಪಟ್ಟಿಯ ಪಾಯಿಂಟರ್ ಇಡುತ್ತದೆ. ಪ್ರೋಗ್ರಾಂ ಓಡುವಾಗ ಪಟ್ಟಿ ನೋಡಿ ಕರೆ ಮುಟ್ಟುತ್ತದೆ. ನಾರ್ವೆಯ ಡಾಲ್ ಮತ್ತು ನೈಗಾರ್ಡ್ 1967ರ ಸಿಮುಲಾ ಭಾಷೆಯಲ್ಲಿ ತಂದ ಈ ಉಪಾಯದ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಒಂದು ಕ್ಲಾಸಿನಿಂದ ಇನ್ನೊಂದನ್ನು ಹುಟ್ಟಿಸುವ ಇನ್ಹೆರಿಟೆನ್ಸನ್ನು ಜಾತಿ, ಉಪಜಾತಿಗಳ ವಿಂಗಡಣೆಯೆಂದು ಕಲಿಸುವ ರೂಢಿಯ ಬಗ್ಗೆ.

ಎಚ್.ಡಿ. ಕೋಟೆ ತಾಲ್ಲೂಕಿನ ಅಂತರಸಂತೆ ನಾಗರಹೊಳೆಯ ಅಂಚಿನ ಊರು, ಪ್ರಾಣಿಗಳಿಗೆ ಅಲ್ಲಿ ಬರವಿಲ್ಲ. ಆದರೂ ಅದರ ಮೇಲೆ ಹಾಯುವ ಮೈಸೂರು–ಮಾನಂದವಾಡಿ ರಸ್ತೆಯ ಬಸ್ ಟಿಕೆಟ್ಟು ಹೆಚ್ಚು ಕಲಿಸುತ್ತದೆ. ಕಂಡಕ್ಟರ್ ಕೈಯ ಮಷಿನ್ನಿನೊಳಗೆ ಯಾವ ಪ್ರೋಗ್ರಾಂ ಇದೆಯೆಂಬುದು ಬೇಡ, ನಿಯಮಗಳಷ್ಟೇ ಸಾಕು. ‘ಪ್ರಯಾಣಿಕ’ ಬೇಸ್ ಕ್ಲಾಸ್, ‘ದರ’ ಅದರ ವರ್ಚುವಲ್ ಫಂಕ್ಷನ್. ಮಕ್ಕಳಿಗೆ ಅರ್ಧ ಟಿಕೆಟ್, 60 ದಾಟಿದವರಿಗೆ ಶೇ. 25 ರಿಯಾಯಿತಿ, 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಮಹಿಳೆಯರಿಗೆ ಶೂನ್ಯ. ಮೂರು ಉಪಕ್ಲಾಸ್ ಬರೆದರಾಯಿತು ಅನ್ನಿಸುತ್ತದೆ. 65ರ ಅಜ್ಜಿ ಹತ್ತಿದಾಗ ಪೇಚು ಶುರು: ಆಕೆ ಮಹಿಳೆಯೂ ಹೌದು, ಹಿರಿಯ ನಾಗರಿಕಳೂ ಹೌದು. ಎರಡೂ ಕ್ಲಾಸಿನಿಂದ ಇನ್ನೊಂದನ್ನು ಹುಟ್ಟಿಸಿದರೆ, ಯಾರ ‘ದರ’ ಎಂದು ಹೇಳುವವರೆಗೆ ಕಂಪೈಲರ್ ಒಪ್ಪುವುದಿಲ್ಲ. ಹೇಳಿದೆವೆನ್ನಿ. ಅದೇ ಅಜ್ಜಿ ಐಷಾರಾಮಿ ಬಸ್ಸಾದ ರಾಜಹಂಸ ಹತ್ತಿದರೆ ಶಕ್ತಿ ಅನ್ವಯಿಸದು. ಕೇರಳದವಳಾದರೆ ಸಾಮಾನ್ಯ ಬಸ್ಸಿನಲ್ಲೂ ಇಲ್ಲ. ದರ ನಿಂತಿರುವುದು ಪ್ರಯಾಣಿಕರು ಮತ್ತು ಬಸ್ಸು ಎರಡರ ಮೇಲೂ. ವರ್ಚುವಲ್ ಕರೆಯಾದರೋ ಯಾವ ಆಬ್ಜೆಕ್ಟಿನ ಮೇಲೆ ಕರೆದೆವೋ ಅದೊಂದನ್ನೇ ನೋಡಿ ತೀರ್ಮಾನಿಸುತ್ತದೆ. ಪ್ರತಿ ಜೋಡಿಗೂ ಕ್ಲಾಸ್ ಬರೆಯಹೊರಟರೆ ಕೊನೆಯೇ ಇಲ್ಲ.

ಹೊಸಬರಿಗೆ ಇಷ್ಟೆಲ್ಲ ಯಾಕೆ, ನಾಯಿಬೆಕ್ಕು ಸಾಕಲ್ಲವೇ ಎನ್ನಬಹುದು. ಮೊದಲ ದಿನಕ್ಕೆ ಸಾಕು. ಆದರೆ ಆ ಉದಾಹರಣೆಯಲ್ಲಿ ಇನ್ಹೆರಿಟೆನ್ಸ್ ಎಂದೂ ಸೋಲುವುದಿಲ್ಲ, ಸೋಲನ್ನು ಕಾಣದವರು ಎಲ್ಲಕ್ಕೂ ಉಪಕ್ಲಾಸ್ ಬರೆಯುತ್ತಾರೆ. ಹಾಗಾದರೆ ವರ್ಚುವಲ್ ಫಂಕ್ಷನ್ನೇ ಬೇಡವೇ ಎಂದರೆ, ಬೇಕು, ಜಾಗ ಬದಲಿಸಬೇಕು. ‘ರಿಯಾಯಿತಿ’ಯನ್ನೇ ಬೇಸ್ ಕ್ಲಾಸ್ ಮಾಡಿ, ಅದರ ವರ್ಚುವಲ್ ಫಂಕ್ಷನ್ನಿಗೆ ಪ್ರಯಾಣಿಕ, ಬಸ್ಸು ಎರಡನ್ನೂ ಕೊಟ್ಟರೆ ಪ್ರತಿ ನಿಯಮ ತನ್ನ ಲೆಕ್ಕ ತಾನೇ ಹೇಳುತ್ತದೆ. ನಾಳೆ ಹೊಸ ಯೋಜನೆ ಬಂದರೆ ಒಂದು ಕ್ಲಾಸ್ ಸೇರಿಸಿದರೆ ಮುಗಿಯಿತು, ಪ್ರಯಾಣಿಕರನ್ನು ಮುಟ್ಟಬೇಕಿಲ್ಲ. ಪಠ್ಯ ಬರೆಯುವವರು ನಾಯಿಬೆಕ್ಕಿನ ಮುಂದಿನ ಪುಟದಲ್ಲೇ ಈ ಟಿಕೆಟ್ಟಿನ ಲೆಕ್ಕವನ್ನೂ ಕೊಡಲಿ.