ಇಂಜಿನಿಯರನಿಗೆ ಸಾಕಾದ ಸಂಖ್ಯೆಗಳು

ಜಿ. ಎಚ್. ಹಾರ್ಡಿಯವರು 1940ರಲ್ಲಿ ಪ್ರಕಟಿಸಿದ ‘ಎ ಮ್ಯಾಥಮೆಟಿಷಿಯನ್ಸ್ ಅಪಾಲಜಿ’ ಗಣಿತ ಬಾರದವರೂ ಮೆಚ್ಚಿ ಓದುವ ಕಿರುಹೊತ್ತಗೆ. ರಾಮಾನುಜನ್ನರನ್ನು ಕೇಂಬ್ರಿಜ್ಜಿಗೆ ಕರೆಸಿಕೊಂಡ ಹಾರ್ಡಿ ಇವರೇ. ಗಣಿತವೂ ಕಾವ್ಯದಂತೆ ಒಂದು ಕಲೆ, ಅದನ್ನು ಉಪಯೋಗದ ತಕ್ಕಡಿಯಲ್ಲಿ ತೂಗಲಾಗದು ಎಂಬುದು ಅವರ ವಾದ. ಗದ್ಯ ಬಲು ಸೊಗಸು. ವಾದದಲ್ಲಿ ಮಾತ್ರ ಒಂದು ಬಿರುಕಿದೆ.

ಸುಂದರ ಗಣಿತಕ್ಕೆ ಅವರು ಕೊಡುವ ಮೊದಲ ಉದಾಹರಣೆ ಯೂಕ್ಲಿಡ್ಡನದು. 2, 3, 5, 7ರಂತೆ ಒಂದರಿಂದ ಮತ್ತು ತಮ್ಮಿಂದಲ್ಲದೆ ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಅವಿಭಾಜ್ಯ ಸಂಖ್ಯೆಗಳು ಎಲ್ಲಾದರೂ ಮುಗಿಯುತ್ತವೆಯೆ? ಮುಗಿಯುತ್ತವೆ ಎನ್ನಿ. ಅಷ್ಟನ್ನೂ ಗುಣಿಸಿ ಒಂದು ಕೂಡಿಸಿ. ಬಂದುದನ್ನು ಅವುಗಳಲ್ಲಿ ಯಾವುದರಿಂದ ಭಾಗಿಸಿದರೂ ಒಂದು ಉಳಿಯುತ್ತದೆ. ಅಂದಮೇಲೆ ಪಟ್ಟಿಗೆ ಸೇರದ ಅವಿಭಾಜ್ಯವೊಂದು ಇದ್ದೇ ತೀರಬೇಕು. ಇಷ್ಟೇ. ಎರಡು ಸಾವಿರ ವರ್ಷಗಳಿಂದ ಇದಕ್ಕೆ ಮುಪ್ಪಿಲ್ಲ.

ಮುಂದೆ ಹಾರ್ಡಿ ಒಂದು ಚುಚ್ಚುಮಾತನ್ನಾಡುತ್ತಾರೆ: ನೂರು ಕೋಟಿಯೊಳಗೆ 5,08,47,478 ಅವಿಭಾಜ್ಯಗಳಿವೆ, ಇಂಜಿನಿಯರನಿಗೆ ಅಷ್ಟು ಸಾಕು, ಉಳಿದವುಗಳ ಗೊಡವೆ ಅವನಿಗೇಕೆ! ಆ ಲೆಕ್ಕವೇ ತಪ್ಪು. 19ನೆಯ ಶತಮಾನದ ಎಣಿಕೆಯೊಂದರಿಂದ ಬಂದ ತಪ್ಪದು, ಸರಿಯಾದುದು 5,08,47,534. 56 ಬಿಟ್ಟುಹೋಗಿವೆ. ಇದು ಕ್ಷಮ್ಯ. ಆದರೆ ಪರಿಹಾಸದ ಹಿಂದಿರುವ ನಂಬಿಕೆಯನ್ನು ಹಾಗೆಯೇ ಬಿಡಲಾಗದು. ಉಪಯೋಗಕ್ಕೆ ಬರುವ ಗಣಿತ ನೀರಸ, ನಿಜವಾದ ಗಣಿತದಿಂದ ಯಾರಿಗೂ ಕೇಡಿಲ್ಲ ಎಂಬುದು ಆ ನಂಬಿಕೆ. ಯುದ್ಧಕಾಲದಲ್ಲಿ ಬರೆದವರಿಗೆ ತಮ್ಮ ಕೈ ಶುಚಿಯೆಂಬ ಸಮಾಧಾನ ಬೇಕಾಗಿತ್ತೇನೋ.

ಆಗ ತಿಳಿದಿದ್ದ ಅತಿ ದೊಡ್ಡ ಅವಿಭಾಜ್ಯಕ್ಕೆ 39 ಅಂಕೆಗಳು: 127 ಎರಡುಗಳನ್ನು ಒಂದಕ್ಕೊಂದು ಗುಣಿಸಿ ಒಂದು ಕಳೆದದ್ದು. 1876ರಲ್ಲಿ ಫ್ರಾನ್ಸಿನ ಲ್ಯೂಕಾ ಅದನ್ನು ಒಂದೊಂದರಿಂದ ಭಾಗಿಸಿ ನೋಡಲು ಕೂರಲಿಲ್ಲ, ಆಯುಷ್ಯ ಸಾಲದು. ಮೂರರಿಂದ ಹೊರಟು ವರ್ಗಿಸು, ಎರಡು ಕಳೆ, ಆ ದೊಡ್ಡ ಸಂಖ್ಯೆಯಿಂದ ಭಾಗಿಸಿ ಶೇಷವನ್ನಿಟ್ಟುಕೊ. ಹೀಗೆ 125 ಸಲ. ಕೊನೆಯ ಶೇಷ ಸೊನ್ನೆಯಾದರೆ ಸಂಖ್ಯೆ ಅವಿಭಾಜ್ಯ. ಇದು ಅಪ್ಪಟ ಲೆಕ್ಕಾಚಾರದ ಯುಕ್ತಿ. ಇದನ್ನು ನೀರಸವೆಂದರೆ ನಾನೊಪ್ಪೆ.

1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಅವಿಭಾಜ್ಯಗಳಿಂದ ಗುಪ್ತಲಿಪಿಯೊಂದನ್ನು ಕಟ್ಟಿದರು. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸುವುದು ಸುಲಭ. ಗುಣಲಬ್ಧದಿಂದ ಅವನ್ನು ಮರಳಿ ಪಡೆಯುವುದು ಮಹಾ ಕಷ್ಟ. ಇಂದು 300 ಅಂಕೆಗಳ ಅವಿಭಾಜ್ಯಗಳನ್ನು ಹುಡುಕುವವನು ಹಾರ್ಡಿ ನಕ್ಕ ಆ ಇಂಜಿನಿಯರನೇ. ಅಷ್ಟು ದೂರದಲ್ಲೂ ಸರಾಸರಿ 690 ಸಂಖ್ಯೆಗಳಿಗೊಂದು ಸಿಕ್ಕೀತೆಂಬ ಧೈರ್ಯ ಅವನಿಗೆ ಬಂದದ್ದು 1896ರ ಪ್ರಮೇಯದಿಂದ. ಹಾರ್ಡಿಯವರೇ ಕೆಲಸ ಮಾಡಿದ ಕ್ಷೇತ್ರದಿಂದ! ನೂರು ಕೋಟಿಗೇ ನಿಂತಿದ್ದರೆ ಅವನ ಬೀಗವನ್ನು ಹುಡುಗರೂ ತೆರೆದಾರು. ಯೂಕ್ಲಿಡ್ಡನ ಚೆಲುವು ಇದರಿಂದ ಮಾಸಿದೆಯೆ? ನನಗಂತೂ ಹಾಗೆ ಕಾಣುವುದಿಲ್ಲ.

1967ರಿಂದೀಚಿನ ಮುದ್ರಣಗಳಲ್ಲಿ ಸಿ. ಪಿ. ಸ್ನೋ ಅವರ ದೀರ್ಘ ಮುನ್ನುಡಿಯಿದೆ. ಅದನ್ನು ಕೊನೆಗೆ ಓದುವುದು ಲೇಸು. ಮೊದಲೇ ಓದಿದರೆ ಹಾರ್ಡಿಯ ಮೇಲೆ ಮರುಕ ಹುಟ್ಟಿ, ಅವರೊಡನೆ ಜಗಳಾಡಲು ಮನಸ್ಸೇ ಬಾರದು.